ಕಾಳಿಗೆ ಬಿಸಿಲು, ಆಳಿಗೆ ನೆರಳು

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ತೊಗರಿಯ ಸೀಮೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆಯಿತು. ಬೇಳೆಗೆ ಸಂದ ಗೌರವ ಅದನ್ನು ಒಡೆಯುವ ಗಿರಣಿಯ ಕೈಗಳಿಗೂ ಸಲ್ಲಬೇಡವೇ?

ತೊಗರಿಯ ಸಿಪ್ಪೆ ಗೀರಿ, ಎಣ್ಣೆ ಸವರಿ, ಬಿಸಿಲಿಗೆ ಹರವಿ ಒಣಗಿಸಿದರೆ ಸಿಪ್ಪೆ ಸಡಿಲಗೊಂಡು ಕಾಳು ಇಬ್ಭಾಗವಾಗುತ್ತದೆ. ಹೀಗೆ ಬಿಸಿಲು ಈ ಉದ್ಯಮದ ಮಿತ್ರ. ಆದರೆ ಬೇಸಗೆಯಲ್ಲಿ 40 ಡಿಗ್ರಿ ಮೀರುವ ಅದೇ ಬಿಸಿಲು, ತಗಡಿನ ಛಾವಣಿಯ ಕೆಳಗೆ ದುಡಿಯುವವರಿಗೆ ಶತ್ರು. ಕಾಳಿಗೆ ಬಿಸಿಲನ್ನೂ ಆಳಿಗೆ ನೆರಳನ್ನೂ ಒದಗಿಸುವುದೇ ಗಿರಣಿಯ ವಾಸ್ತುವಿದ್ಯೆ.

ಕಟ್ಟಡದ ಉದ್ದ ಪೂರ್ವ-ಪಶ್ಚಿಮಕ್ಕಿದ್ದರೆ ಸಂಜೆಯ ಇಳಿಬಿಸಿಲು ಗಿಡ್ಡ ಗೋಡೆಗೆ ಮಾತ್ರ ತಾಗುವುದು. ಹಳೆಯ ಮನೆಗಳಂತೆ ದಪ್ಪ ಕಲ್ಲುಗೋಡೆಯಿದ್ದರೆ ಹಗಲಿನ ಕಾವು ಒಳಗಿಳಿಯಲು ತಡವಾಗುವುದು. ಛಾವಣಿಯ ನೆತ್ತಿಯಲ್ಲಿ ಗವಾಕ್ಷಿಯಿದ್ದರೆ ಬಿಸಿಗಾಳಿ ತಾನೇ ಮೇಲೇರಿ ಹೊರಟುಹೋಗುವುದು. ಹೊಟ್ಟಿನ ದೂಳು ಮಾತ್ರ ಹಾಗೆ ಹೋಗದು. ಅದನ್ನು ಹುಟ್ಟಿದೆಡೆಯಲ್ಲೇ ಕೊಳವೆಯಿಂದ ಹೀರಬೇಕು. ಆ ಕೊಳವೆಗೆ ನಕ್ಷೆಯಲ್ಲಿಯೇ ಸ್ಥಳವಿರಬೇಕು. ಒಣಗಿಸುವ ಅಂಗಳದ ಅಂಚಿನಲ್ಲಿ ಬೇವಿನ ನೆರಳೂ ಕುಡಿಯುವ ನೀರೂ ಇರಬೇಕು.

ಗಾಳಿ, ಬೆಳಕು, ದೂಳು ನಿವಾರಣೆಗಳನ್ನು 1948ರ ಕಾರ್ಖಾನೆ ಕಾಯಿದೆಯೇ ವಿಧಿಸಿತ್ತು. ಕಾಯಿದೆಯನ್ನು ಓದಲು ಬಿಡುವಿಲ್ಲದ ಮಾಲೀಕರು, ನಕ್ಷೆ ಬರೆಸುವ ಮುನ್ನ ವೈಶಾಖದ ಒಂದು ಮಧ್ಯಾಹ್ನ ಹಮಾಲರೊಡನೆ ತಗಡಿನ ಕೆಳಗೆ ನಿಂತು ಬರಲಿ. ಉಳಿದ ಪಾಠವನ್ನು ಆ ಮಧ್ಯಾಹ್ನವೇ ಹೇಳಿಕೊಡುವುದು.