ಕುಡಿಯುವವರು ರುಚಿ ಕೇಳಿದರು, ಹೊಲದ ಬೆಳೆ ಬದಲಾಯಿತು

ಬಿಯರ್ ಕುಡಿಯುವ ಚಟ ನನಗಿಲ್ಲ. ಆದರೆ ಅದರ ಹಿಂದಿರುವ ಬೆಳೆಯ ಕಥೆ ರೈತರಾದ ನಾವು ತಿಳಿಯಬೇಕಾದ್ದು. ಬಿಯರಿಗೆ ಬೇಕಾದ್ದು ನಾಲ್ಕೇ: ನೀರು, ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿ (ನಮ್ಮ ರಾಗಿ ಮಾಲ್ಟಿನ ಹಾಗೇ), ಹುಳಿತ ತರುವ ಯೀಸ್ಟ್, ಮತ್ತೆ ಕಹಿ ಮತ್ತು ಘಮ ಕೊಡುವ ಹಾಪ್ ಹೂವು.

ಅಮೆರಿಕದಲ್ಲಿ 1970ರ ದಶಕದ ಕೊನೆಗೆ ಬಿಯರ್ ತಯಾರಕರು ನೂರಕ್ಕಿಂತ ಕಡಿಮೆ ಉಳಿದಿದ್ದರು. ದೊಡ್ಡ ಕಂಪನಿಗಳ ಸಪ್ಪೆ ಬಿಯರೇ ಎಲ್ಲ ಕಡೆ. ಬೇಸತ್ತ ಕೆಲವರು ಮನೆಯಲ್ಲೇ ಮಾಡಿಕೊಳ್ಳಲು ಶುರು ಮಾಡಿದರು. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಮನೆಬಳಕೆಯ ಬಿಯರಿಗೆ ದಾರಿ ಬಿಟ್ಟಿತು. 2023ರ ಹೊತ್ತಿಗೆ ತಯಾರಕರ ಸಂಖ್ಯೆ ಒಂಬತ್ತು ಸಾವಿರ ದಾಟಿತ್ತು.

ಸುತ್ತ ಹುಟ್ಟಿದ ಕಸುಬುಗಳು

ಕ್ಯಾಲಿಫೋರ್ನಿಯಾದ ಚಿಕೋ ಊರಲ್ಲಿ ಕೆನ್ ಗ್ರಾಸ್‌ಮನ್ 1976ರಲ್ಲಿ ಮನೆಬಿಯರ್ ಸಾಮಾನಿನ ಅಂಗಡಿ ಇಟ್ಟರು. 1980ರಲ್ಲಿ ಅವರೇ ಸಿಯೆರಾ ನೆವಾಡಾ ಬಿಯರ್ ಶುರು ಮಾಡಿದರು. ಸಣ್ಣವರಿಗೆ ತಕ್ಕ ಯಂತ್ರ ಸಿಗುತ್ತಿರಲಿಲ್ಲ. ಹಳೇ ಹಾಲಿನ ಡೇರಿಯ ಪಾತ್ರೆ ತಂದು ಜೋಡಿಸಿಕೊಂಡರು. ಇಂಥವರು ಹೆಚ್ಚಿದಂತೆ ಪಾತ್ರೆ ಮಾಡುವವರು, ಸಣ್ಣ ಮಾಲ್ಟ್ ಮನೆಗಳು ಬಂದವು. ಯೀಸ್ಟ್ ಬೆಳೆಸಿ ಮಾರಲು ಆರೆಗಾನಿನಲ್ಲಿ ವೈಯೀಸ್ಟ್ (1986), ಸ್ಯಾನ್ ಡಿಯಾಗೋದಲ್ಲಿ ವೈಟ್ ಲ್ಯಾಬ್ಸ್ (1995) ಎದ್ದವು. ಬಸಿದುಳಿದ ಕಾಳಿನ ಚರಟ ದನಗಳಿಗೆ ಮೇವಾಯಿತು.

ಹೊಲದಲ್ಲಿ ಏನಾಯಿತು?

ಅಮೆರಿಕದ ಹಾಪ್‌ನಲ್ಲಿ ಮುಕ್ಕಾಲು ಪಾಲಿನ ಆಸುಪಾಸು ವಾಷಿಂಗ್ಟನ್ ರಾಜ್ಯದ್ದು, ಅಲ್ಲಿ ಯಾಕಿಮಾ ಕಣಿವೆಯೇ ಮುಖ್ಯ. ಮಳೆ ನಮಗಿಂತ ಕಡಿಮೆ, ವರ್ಷಕ್ಕೆ ಎಂಟು ಇಂಚಿನಷ್ಟು. ಬೆಟ್ಟದ ಹಿಮ ಕರಗಿದ ನೀರಿನಿಂದ ನೀರಾವರಿ. ಬಳ್ಳಿ ಬಹುವಾರ್ಷಿಕ. ಹದಿನೆಂಟು ಅಡಿ ಎತ್ತರದ ಕಂಬ ತಂತಿ ಬೇಕು, ಕೊಯ್ದ ಹೂವನ್ನು ಒಣಗಿಸುವ ಗೂಡು ಬೇಕು. ಬಂಡವಾಳ ಭಾರೀನೇ.

ಸರ್ಕಾರಿ ಸಂಶೋಧಕರು 1972ರಲ್ಲಿ ಬಿಡುಗಡೆ ಮಾಡಿದ ಕ್ಯಾಸ್ಕೇಡ್ ತಳಿಗೆ ಕಿತ್ತಳೆ ಜಾತಿಯ ಹಣ್ಣಿನಂಥ ಘಮ. ಸಿಯೆರಾ ನೆವಾಡಾದಂಥ ಸಣ್ಣವರು ಅದನ್ನು ಧಾರಾಳ ಬಳಸಿದ ಮೇಲೆ ಅದಕ್ಕೆ ಹೆಸರು ಬಂತು. ಮೊದಲು ಹಾಪ್ ಅಂದರೆ ಹೆಚ್ಚಾಗಿ ಕಹಿಯ ಲೆಕ್ಕ. ಆಮೇಲೆ ಕುಡಿಯುವವರೇ ತಳಿಯ ಹೆಸರು ಹಿಡಿದು ಕೇಳತೊಡಗಿದರು. ಸಿಟ್ರಾ, ಮೊಸಾಯಿಕ್ ಬಂದವು. ಇಲ್ಲೊಂದು ತೊಡಕಿದೆ. ಕ್ಯಾಸ್ಕೇಡ್ ಯಾರು ಬೇಕಾದರೂ ನೆಡಬಹುದು. ಸಿಟ್ರಾ ಖಾಸಗಿ ತಳಿ, ಒಡೆಯರ ಅಪ್ಪಣೆ ಇಲ್ಲದೆ ನೆಡುವಂತಿಲ್ಲ. ಆದರೂ ಬೆಳೆಗಾರರು ಸುಮ್ಮನೆ ಕೂರಲಿಲ್ಲ. ಯಾಕಿಮಾ ಚೀಫ್ ಎಂಬ ಮಾರಾಟ ಕಂಪನಿ ಬೆಳೆಗಾರ ಕುಟುಂಬಗಳದ್ದೇ.

ಹುಮ್ಮಸ್ಸು ಇಳಿದಾಗ

ಬೇಡಿಕೆ ನೋಡಿ ಎಲ್ಲರೂ ನೆಟ್ಟರು. 2021ರಲ್ಲಿ ಅಮೆರಿಕದ ಹಾಪ್ 60 ಸಾವಿರ ಎಕರೆ ದಾಟಿತ್ತು. ಸಣ್ಣ ಬಿಯರಿನ ಮಾರಾಟ ಕುಗ್ಗಿತು, ಗೋದಾಮಿನಲ್ಲಿ ಹೂವು ಉಳಿಯಿತು. 2024ಕ್ಕೆ ಸುಮಾರು 45 ಸಾವಿರ ಎಕರೆಗೆ ಬಂತು. ಕುಡಿಯುವವನು ಒಂದು ದಿನದಲ್ಲಿ ರುಚಿ ಬದಲಿಸುತ್ತಾನೆ, ಬೆಳೆಗಾರ ಕಂಬ ತಂತಿಯ ಸಾಲ ಹೊತ್ತುಕೊಂಡೇ ಬಳ್ಳಿ ಕೀಳಬೇಕು.

ಇವತ್ತು ಪೇಟೆಯವರು ನಮ್ಮ ನವಣೆ, ಸಾಮೆಯ ಹೆಸರು ಹಿಡಿದು ಕೇಳುತ್ತಿದ್ದಾರೆ. ಒಳ್ಳೇದೇ. ಆದರೆ ಬೀಜ ನಮ್ಮ ಕೈಲಿರಲಿ, ಮಾರಾಟದಲ್ಲಿ ನಮ್ಮ ಪಾಲಿರಲಿ. ಇಡೀ ಹೊಲ ಒಂದೇ ಬೆಳೆಗೆ ಕೊಡುವ ಮುಂಚೆ ಯಾಕಿಮಾದ ಲೆಕ್ಕ ಒಮ್ಮೆ ನೆನಪಿಸಿಕೊಳ್ಳಿ.