ದೇವಣಿಯ ಮೆಲುಕು, ನಮ್ಮ ಎದೆಯುರಿ

ಮಧ್ಯಾಹ್ನದ ಹೊತ್ತು ಔರಾದ ಸೀಮೆಯ ಹೊಲದ ಬದುವಿನಲ್ಲಿ, ಬೇವಿನ ನೆರಳಿಗೆ ಕಾಲು ಮಡಚಿ ಮಲಗಿದ ದೇವಣಿ ಆಕಳಿನ ಕುತ್ತಿಗೆಯನ್ನು ತುಸು ಹೊತ್ತು ನೋಡಬೇಕು. ಒಂದು ಉಂಡೆ ಕೆಳಗಿನಿಂದ ಮೇಲಕ್ಕೆ ಸರ್ರನೆ ಏರುವುದು ಚರ್ಮದ ಹೊರಗಿನಿಂದಲೇ ಕಾಣುತ್ತದೆ. ಆಕಳು ಅದನ್ನು ನಿಧಾನವಾಗಿ ಅಗಿದು ನುಂಗುತ್ತದೆ. ಕೆಲವೇ ಕ್ಷಣಕ್ಕೆ ಮತ್ತೊಂದು ಉಂಡೆ. ದಿನಕ್ಕೆ ಆರೆಂಟು ತಾಸು ಹೊಟ್ಟೆಯೊಳಗಿನದನ್ನು ಬಾಯಿಗೆ ತಂದುಕೊಳ್ಳುವ ಈ ಪ್ರಾಣಿಗೆ ಎದೆಯುರಿ ಇಲ್ಲ. ಅದನ್ನು ಸಾಕಿದವರಿಗೆ ಮಾತ್ರ ರಾತ್ರಿ ಒಂದು ಗುಟುಕು ಗಂಟಲಿಗೆ ಏರಿದರೂ ಸಾಕು, ಎದ್ದು ಕುಳಿತು ‘ಎದಿ ಉರೀಲತ್ತದ’ ಎನ್ನುತ್ತ ಬೆಳಗು ಮಾಡಬೇಕು.

ಈ ವ್ಯತ್ಯಾಸ ಎಲ್ಲಿಂದ ಬಂತು ಎಂದು ತಿಳಿದರೆ, ಬಿಡದೆ ಕಾಡುವ ಹುಳಿತೇಗು, ವಾಕರಿಕೆಗಳ ವಿಚಾರದಲ್ಲಿ ನಾವು ಎಲ್ಲಿ ಎಡವುತ್ತಿದ್ದೇವೆ ಎಂಬುದೂ ತಿಳಿಯುತ್ತದೆ.

ದೇವಣಿ ಈ ಗಡಿನಾಡಿನದೇ ತಳಿ. ಹೆಸರು ಬಂದದ್ದು ಪಕ್ಕದ ಲಾತೂರ ಜಿಲ್ಲೆಯ ದೇವಣಿಯಿಂದ. ಬೀದರ, ಭಾಲ್ಕಿ, ಔರಾದ, ಉದಗೀರದ ಕೊಟ್ಟಿಗೆಗಳೆಲ್ಲ ಅದರ ತವರು. ಬಿಳಿ ಮೈಗೆ ಕಪ್ಪು ಮುಖದ ವಾನ್ನೇರಾ, ಹೊಟ್ಟೆಯ ಕೆಳಗಷ್ಟೇ ಕಪ್ಪು ಮಚ್ಚೆಯಿರುವ ಬಾಳಂಕ್ಯಾ, ಮೈತುಂಬ ಕಪ್ಪು ಮಚ್ಚೆಯ ಶೇವೇರಾ ಎಂದು ಬಣ್ಣ ನೋಡಿಯೇ ರೈತರು ಅದನ್ನು ವಿಂಗಡಿಸುತ್ತಾರೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಭಾಲ್ಕಿ ತಾಲ್ಲೂಕಿನ ಕಟ್ಟಿತೂಗಾಂವ್‌ನಲ್ಲಿ ಈ ತಳಿಗೆಂದೇ ಒಂದು ಸಂಶೋಧನಾ ಕೇಂದ್ರ ಇಟ್ಟುಕೊಂಡಿದೆ.

ಆಕಳ ಹೊಟ್ಟೆಯಲ್ಲಿ ನಾಲ್ಕು ಕೋಣೆ. ಮೊದಲನೆಯದು ಎಲ್ಲಕ್ಕಿಂತ ದೊಡ್ಡದು. ನೂರು ಲೀಟರಿನಷ್ಟು ಹಿಡಿಸುವ ಈ ಕೋಣೆಯಲ್ಲಿ ಕಣಿಕೆ, ಹುಲ್ಲನ್ನು ಕೊಳೆಸಿ ಪೌಷ್ಟಿಕವಾಗಿಸುವ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ನೆಲೆಸಿವೆ. ಮೆಲುಕಿಗೆ ಬರುವುದು ಇಲ್ಲಿನ ಮೇವು. ಇದರ ಪಿಎಚ್ 6ರಿಂದ 7, ಅಂದರೆ ಹೆಚ್ಚುಕಡಿಮೆ ನೀರಿನ ಹತ್ತಿರ. ನಮ್ಮ ಜಠರಕ್ಕೆ ಹೋಲುವ ಸುಡುವ ಆಮ್ಲ ಇರುವುದು ನಾಲ್ಕನೆಯ ಕೋಣೆಯಲ್ಲಿ, ಬಾಯಿಯಿಂದ ಬಹಳ ದೂರ. ಅದು ಮೇಲೆ ಬರುವುದಿಲ್ಲ.

ಜತೆಗೆ ಜೊಲ್ಲು. ದೊಡ್ಡ ಹಸುವೊಂದರ ಬಾಯಲ್ಲಿ ದಿನಕ್ಕೆ 100 ಲೀಟರಿಗೂ ಮೀರಿ ಜೊಲ್ಲು ಉತ್ಪತ್ತಿಯಾಗುತ್ತದೆ. ಅದರ ತುಂಬ ಸೋಡಾ, ಅಂದರೆ ಬೈಕಾರ್ಬೊನೇಟ್. ಮೆಲುಕು ಹಾಕಿದಷ್ಟೂ ಜೊಲ್ಲು, ಜೊಲ್ಲು ಇಳಿದಷ್ಟೂ ಹೊಟ್ಟೆ ತಂಪು.

ಇದೇ ಆಕಳು ರಾಶಿಯ ಕಾಲದಲ್ಲಿ ರಾತ್ರಿ ಕಣ್ಣಿ ಬಿಚ್ಚಿಕೊಂಡು ಜೋಳದ ಗುಡ್ಡೆಗೆ ಬಾಯಿ ಹಾಕಿತೆನ್ನಿ, ಲೆಕ್ಕವೆಲ್ಲ ಬುಡಮೇಲು. ಮದುವೆಮನೆಯಲ್ಲಿ ಮಿಕ್ಕ ಅನ್ನವನ್ನು ಬುಟ್ಟಿಗಟ್ಟಲೆ ಸುರಿದರೂ ಅಷ್ಟೇ. ಹಿಟ್ಟಿನ ಅಂಶ ಒಮ್ಮೆಲೇ ಸಿಕ್ಕಾಗ ಹುಲ್ಲು ಕೊಳೆಸುವ ಜೀವಿಗಳು ಹಿಂದೆ ಸರಿದು, ಲ್ಯಾಕ್ಟಿಕ್ ಆಮ್ಲ ಹುಟ್ಟಿಸುವವು ಮೆರೆಯುತ್ತವೆ. ಪಿಎಚ್ 5ಕ್ಕಿಂತ ಕೆಳಗೆ ಕುಸಿಯುತ್ತದೆ. ಆಕಳು ಮೇವು ಬಿಡುತ್ತದೆ, ಮೆಲುಕು ನಿಲ್ಲಿಸುತ್ತದೆ, ತೂರಾಡುತ್ತದೆ, ನೆಲಕ್ಕೆ ಬೀಳುತ್ತದೆ. ಒಂದೆರಡು ದಿನದಲ್ಲಿ ಸಾವೂ ಬರಬಹುದು. ಪಶುವೈದ್ಯರು ಸೋಡಾ ಕುಡಿಸುತ್ತಾರೆ, ಸಲೈನ್ ಹಚ್ಚುತ್ತಾರೆ, ಕೈಮೀರಿದ್ದರೆ ಹೊಟ್ಟೆ ಕೊಯ್ದು ಕಾಳು ಹೊರತೆಗೆಯುತ್ತಾರೆ. ಆಮೇಲೆ ಆರೋಗ್ಯವಂತ ಆಕಳ ಹೊಟ್ಟೆಯ ರಸವನ್ನು ತಂದು ಇದಕ್ಕೆ ಹಾಕುವುದೂ ಉಂಟು, ಒಳ್ಳೆಯ ಸೂಕ್ಷ್ಮಜೀವಿಗಳ ಸಂಸಾರ ಮತ್ತೆ ಹೂಡಲೆಂದು. ಇಂಥ ಹೊತ್ತಿನಲ್ಲಿ ಮನೆಮದ್ದಿಗೆ ಕಾಯದೆ 1962ಕ್ಕೆ ಫೋನು ಹಚ್ಚುವುದು ಲೇಸು. ಸಂಚಾರಿ ಪಶು ಚಿಕಿತ್ಸಾಲಯದ ನಂಬರು ಅದು.

ಇನ್ನು ನಮ್ಮ ಹೊಟ್ಟೆಗೆ ಬರೋಣ. ನಮಗೆ ಇರುವುದು ಒಂದೇ ಕೋಣೆ. ಅದರ ಆಮ್ಲ ಪಿಎಚ್ 1ರಿಂದ 2ರಷ್ಟು ಕಟು. ಅನ್ನನಾಳಕ್ಕೂ ಅದಕ್ಕೂ ನಡುವೆ ಒಂದು ಸ್ನಾಯುವಿನ ಉಂಗುರ, ಹೊರಗಿನಿಂದ ಅದನ್ನು ಹಿಡಿದು ಬಿಗಿಯುವ ವಪೆ (ಎದೆ-ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆ) ಮಾತ್ರ. ಹೊಟ್ಟೆ ತುಂಬಿ ಹಿಗ್ಗಿದಾಗ ಗಾಳಿ ಬಿಡಲೆಂದು ಈ ಉಂಗುರ ತಾನಾಗಿಯೇ ಕೆಲವು ಕ್ಷಣ ಸಡಿಲಾಗುತ್ತದೆ. ತೇಗು ಬರುವುದು ಹೀಗೆ. ತೇಗಿನ ಬೆನ್ನಿಗೇ ಆಮ್ಲವೂ ನುಗ್ಗಿದರೆ ಎದೆಯುರಿ. ಗ್ಲಾಸ್ಗೋದ ವೈದ್ಯರು 2001ರಲ್ಲಿ ಇನ್ನೊಂದು ವಿಷಯ ತೋರಿಸಿಕೊಟ್ಟರು: ಉಂಡ ಮೇಲೆ ಹೊಸದಾಗಿ ಸ್ರವಿಸುವ ಆಮ್ಲ ಅನ್ನದ ಜತೆ ಬೆರೆಯದೆ ಅದರ ಮೇಲೆ, ಉಂಗುರದ ಬುಡದಲ್ಲೇ ನಿಂತಿರುತ್ತದೆ. ಎಳ್ಳಮಾಸಿಯ ದಿನ ಹೊಲದಲ್ಲಿ ಬಜ್ಜಿ, ರೊಟ್ಟಿ, ಹೋಳಿಗೆ ಕಂಠಮಟ್ಟ ಉಂಡು ಅಲ್ಲೇ ಮರದ ಬುಡಕ್ಕೆ ಅಡ್ಡಾದವರ ಗಂಟಲಿಗೆ ಅದು ಏರುವುದು ಸಹಜವೇ.

ಇಲ್ಲಿ ಎರಡು ತೊಂದರೆಗಳಿವೆ, ಅವನ್ನು ಬೇರೆಬೇರೆಯಾಗಿ ನೋಡಬೇಕು. ಮೇಲೇರುವುದು ಒಂದು, ಸುಡುವುದು ಇನ್ನೊಂದು. ಔಷಧ ಅಂಗಡಿಯಲ್ಲಿ ನಾವು ಕೇಳಿ ತರುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಗುಳಿಗೆಗಳು ಸುಡುವುದನ್ನಷ್ಟೇ ತಗ್ಗಿಸುತ್ತವೆ. ಜಠರದ ಗೋಡೆಯಲ್ಲಿ ಆಮ್ಲವನ್ನು ಹೊರದೂಡುವ ಸಣ್ಣ ಪಂಪುಗಳಿವೆ, ಗುಳಿಗೆ ಅವನ್ನು ಕಟ್ಟಿಹಾಕುತ್ತದೆ. ಅಂದರೆ ಅದು ನಮ್ಮನ್ನು ತುಸುಮಟ್ಟಿಗೆ ದೇವಣಿ ಆಕಳ ಸ್ಥಿತಿಗೆ ತರುತ್ತದೆ: ಬರುವುದು ಬರುತ್ತದೆ, ಉರಿಸುವುದಿಲ್ಲ. ‘ಗುಳಿಗಿ ನುಂಗಿದ್ರೂ ಬಾಯಿಗಿ ನೀರು ಬರ್ತದ, ವಾಂತಿ ಬಂದಂಗ ಆಗ್ತದ’ ಎಂದು ಜನ ಹೇಳುವುದರಲ್ಲಿ ಸುಳ್ಳೇನಿಲ್ಲ. ಗುಳಿಗೆ ಸೋತಿಲ್ಲ, ಅದಕ್ಕೆ ಆ ಕೆಲಸ ಗೊತ್ತಿಲ್ಲ, ಅಷ್ಟೇ.

ಅದು ಬಲ್ಲ ಕೆಲಸವನ್ನಾದರೂ ಮಾಡಲು ನಾವು ಬಿಡುತ್ತಿಲ್ಲ. ಓಡುತ್ತಿರುವ ಪಂಪನ್ನಷ್ಟೇ ಈ ಗುಳಿಗೆ ಹಿಡಿಯಬಲ್ಲದು, ಪಂಪು ಓಡುವುದು ಉಂಡಾಗ. ಹಾಗಾಗಿ ಊಟಕ್ಕೆ ಅರ್ಧ ತಾಸು ಮೊದಲು ನುಂಗಿದರೆ ಫಲ ಹೆಚ್ಚು. ಊಟವಾಗಿ ಉರಿ ಎದ್ದಮೇಲೆ ನುಂಗುವವರೇ ನಮ್ಮಲ್ಲಿ ಬಹಳ. ವೈದ್ಯರನ್ನು ಮತ್ತೊಮ್ಮೆ ಕೇಳದೆ ವರ್ಷಗಟ್ಟಲೆ ನುಂಗುವವರನ್ನು ಕಂಡರೆ ನನಗೆ ನಿಜಕ್ಕೂ ಚಿಂತೆಯಾಗುತ್ತದೆ. ಸೋಡಾ-ನಿಂಬೆಹಣ್ಣಿನ ಉಪಾಯ ಕ್ಷಣಕಾಲದ ಸುಖ. ಅದರಿಂದೇಳುವ ಗಾಳಿ ಹೊಟ್ಟೆ ಹಿಗ್ಗಿಸಿ ಉಂಗುರವನ್ನು ಮತ್ತೆ ತೆರೆಸುತ್ತದೆ, ಬಿ.ಪಿ. ಇದ್ದವರಿಗೆ ಅದರ ಸೋಡಿಯಂ ಬೇರೆ ಕೇಡು.

ಮೇಲೇರುವುದನ್ನು ತಡೆಯಲು ಗುಳಿಗೆಗಿಂತ ಗಡಿಯಾರ, ಮಂಚ ಹೆಚ್ಚು ಉಪಕಾರಿ. ಮಲಗುವುದಕ್ಕೆ ಮೂರು ತಾಸು ಮೊದಲೇ ಊಟ ಮುಗಿಯಲಿ. ಮಂಚದ ತಲೆಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು ಒಂದು ಗೇಣಿನಷ್ಟು ಎತ್ತರಿಸಿ. ಬರೀ ದಿಂಬು ಏರಿಸಿದರೆ ಹೊಟ್ಟೆ ಮಡಚಿಕೊಂಡು ತೊಂದರೆ ಹೆಚ್ಚಬಹುದು. ಎಡಮಗ್ಗುಲಿಗೆ ಮಲಗಿದರೆ ಜಠರ ಕೆಳಗಾಗಿ ಅನ್ನನಾಳದ ಬಾಯಿ ಮೇಲೆ ಉಳಿಯುತ್ತದೆ. ಸೊಂಟದ ಸುತ್ತಳತೆ ಇಳಿದರೆ ಹೊಟ್ಟೆಯೊಳಗಿನ ಒತ್ತಡವೂ ಇಳಿಯುತ್ತದೆ. ಖಾರ ಬಿಡಿ, ರೊಟ್ಟಿ ಬಿಡಿ ಎಂದು ಎಲ್ಲರಿಗೂ ಒಂದೇ ಪಟ್ಟಿ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಯಾವುದು ಯಾರಿಗೆ ಕಾಡುತ್ತದೋ ಅದನ್ನು ಅವರು ಬಿಟ್ಟು ನೋಡಲಿ. ರಾತ್ರಿ ಹತ್ತರ ಮೇಲಿನ ತುಂಬು ಊಟ ಖಾರಕ್ಕಿಂತ ದೊಡ್ಡ ಅಪರಾಧಿ.

ಜೊಲ್ಲಿನ ಪಾಠವನ್ನು ಆಕಳಿಂದ ನೇರವಾಗಿ ಕಲಿಯಬಹುದು. ನಮಗೂ ದಿನಕ್ಕೆ ಒಂದೂವರೆ ಲೀಟರಿನವರೆಗೆ ಜೊಲ್ಲು ಬರುತ್ತದೆ, ಅನ್ನನಾಳದಲ್ಲಿ ಉಳಿದ ಆಮ್ಲವನ್ನು ತೊಳೆಯುವುದು ಅದೇ. ನಿದ್ದೆಯಲ್ಲಿ ಅದು ಬಹುಪಾಲು ನಿಂತುಹೋಗುತ್ತದೆ, ರಾತ್ರಿಯ ಹುಳಿ ಹೆಚ್ಚು ಗಾಯ ಮಾಡುವುದು ಅದಕ್ಕೇ. ಊಟದ ನಂತರ ಅರ್ಧ ತಾಸು ಚೂಯಿಂಗ್ ಗಮ್ ಅಗಿದವರ ಅನ್ನನಾಳದಲ್ಲಿ ಆಮ್ಲ ಬೇಗ ಕರಗಿದ್ದನ್ನು ಅಳೆದು ನೋಡಿದ್ದಾರೆ. ಬಡೇಸೋಪು ಅಗಿದರೂ ಜೊಲ್ಲು ಬರುತ್ತದೆ. ಗುಟ್ಕಾ, ತಂಬಾಕು ಮಾತ್ರ ಬೇಡ. ತಂಬಾಕು ಆ ಉಂಗುರವನ್ನೇ ಸಡಿಲಿಸುತ್ತದೆ, ಬಾಯಿ-ಅನ್ನನಾಳದ ಕ್ಯಾನ್ಸರಿಗೂ ದಾರಿ ಮಾಡುತ್ತದೆ.

ವಾಕರಿಕೆಗೆ ಬೀದರ ಜಿಲ್ಲೆಯ ಹೊಲಗಳಲ್ಲೇ ಬೆಳೆಯುವ ಹಸಿ ಶುಂಠಿಗೆ ಆಧಾರವಿದೆ. ಬಸುರಿಯರ ವಾಕರಿಕೆಯಲ್ಲಿ ಅದು ನೆರವಾಗುವುದನ್ನು ಪರೀಕ್ಷಿಸಿದ್ದಾರೆ. ಆದರೆ ಕೆಲವರಿಗೆ ಹೆಚ್ಚು ಶುಂಠಿ ಎದೆಯುರಿಯನ್ನೇ ತರುತ್ತದೆ. ವಾರಗಟ್ಟಲೆ ವಾಕರಿಕೆ ನಿಲ್ಲದಿದ್ದರೆ ಮನೆಮದ್ದು ಸಾಕುಮಾಡಿ ವೈದ್ಯರನ್ನು ಕಾಣಬೇಕು. ಸಕ್ಕರೆ ಕಾಯಿಲೆ ಹೊಟ್ಟೆಯನ್ನು ಮಂದ ಮಾಡಿರಬಹುದು, ನೋವಿನ ಗುಳಿಗೆ ಕಾರಣವಿರಬಹುದು, ಮೂತ್ರಪಿಂಡದ ತೊಂದರೆ ಇರಬಹುದು. ನುಂಗಿದ್ದು ಸಿಕ್ಕಿಕೊಳ್ಳುವುದು, ತೂಕ ಇಳಿಯುವುದು, ಕಪ್ಪು ಮಲ, ರಕ್ತವಾಂತಿ ಇದ್ದರೆ ತಡಮಾಡದೆ ಬೀದರಿನ ಬ್ರಿಮ್ಸ್‌ನಂಥ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಬೆವರಿನೊಂದಿಗೆ ಎದೆ ಹಿಂಡಿ ತೋಳಿಗೆ ಇಳಿಯುವ ನೋವನ್ನು ‘ಗ್ಯಾಸ್’ ಎಂದು ಕಡೆಗಣಿಸಿದರೆ ಪ್ರಾಣಕ್ಕೇ ಎರವು.

ಕೊನೆಗೆ, ವೈದ್ಯರೂ ಕೆಲವೊಮ್ಮೆ ಗುರುತಿಸದ ಒಂದು ಕಾಯಿಲೆ. ಕೆಲವು ಮನುಷ್ಯರೂ ಮೆಲುಕು ಹಾಕುತ್ತಾರೆ. ಉಂಡ ಕೆಲ ನಿಮಿಷಕ್ಕೇ ಅನ್ನ ವಾಕರಿಕೆಯಿಲ್ಲದೆ ಸಲೀಸಾಗಿ ಬಾಯಿಗೆ ಬರುತ್ತದೆ. ಆಕಳು ಎದೆಯೊಳಗಿನ ಒತ್ತಡ ಇಳಿಸಿ ಉಂಡೆಯನ್ನು ಮೇಲೆಳೆದರೆ, ಇವರ ಹೊಟ್ಟೆಯ ಸ್ನಾಯುಗಳು ಅವರಿಗೇ ಅರಿವಿಲ್ಲದೆ ಬಿಗಿದು ಮೇಲೆ ತಳ್ಳುತ್ತವೆ. ಇದಕ್ಕೆ ಆಮ್ಲದ ಗುಳಿಗೆ ಉಪಯೋಗಕ್ಕೆ ಬಾರದು. ಊಟವಾದೊಡನೆ ಹೊಟ್ಟೆಯ ಮೇಲೆ ಕೈಯಿಟ್ಟು, ಎದೆ ಅಲುಗದೆ ಹೊಟ್ಟೆ ಉಬ್ಬುವಂತೆ ನಿಧಾನವಾಗಿ ಉಸಿರಾಡುವ ಅಭ್ಯಾಸವೇ ಇದರ ಮುಖ್ಯ ಚಿಕಿತ್ಸೆ. ವಪೆಯನ್ನು ಕೆಲಸಕ್ಕೆ ಹಚ್ಚುವ ಈ ಉಸಿರಾಟ ಸಾಮಾನ್ಯ ಎದೆಯುರಿಯವರಿಗೂ ಒಳ್ಳೆಯದು. ವೈದ್ಯರ ಮುಂದೆ ಕುಳಿತಾಗ ಇದೊಂದನ್ನು ಮರೆಯದೆ ಹೇಳಿ: ಮೇಲೆ ಬಂದದ್ದು ಉಂಡ ರುಚಿಯಲ್ಲೇ ಇತ್ತೋ, ಹುಳಿಯಾಗಿತ್ತೋ, ಉಂಡ ಎಷ್ಟು ಹೊತ್ತಿಗೆ ಬಂತು.