ತಾನೇ ತಿರುಗಿ ಹೊಡೆಯುವ ಆಟಿಕೆ ಕೋವಿ: ರಚನೆ ಮತ್ತು ಎಚ್ಚರಿಕೆ



ಕಳೆದ ತಿಂಗಳ ಸಭೆ ಮುಗಿದು ಕಾಫಿ ಕುಡಿಯುವ ಹೊತ್ತಿನಲ್ಲಿ, ನಮ್ಮ ಮನೆಯಂಗಳದಲ್ಲಿ ಕೂರಿಸಿದ್ದ ಒಂದು ಆಟಿಕೆ ಯಂತ್ರದ ಮಾತು ಬಂದಿತು. ಎದುರಿಗೆ ಏನಾದರೂ ಅಲುಗಾಡಿದರೆ ಅತ್ತ ತಿರುಗಿ ಸ್ಪಂಜಿನ ಗುಂಡು ಹಾರಿಸುವ ಯಂತ್ರವದು. ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಸೋದರಳಿಯ ರಜೆಯಲ್ಲಿ ಬಂದಾಗ ಮಾಡಿದ್ದು. ಮಂಗಗಳ ಕಾಟದಿಂದ ಬೇಸತ್ತ ಹಿರಿಯ ಸದಸ್ಯರೊಬ್ಬರು, "ಅದಕ್ಕೇ ಒಂದು ಏರ್‌ಗನ್ ಕಟ್ಟಿದರಾಯಿತಲ್ಲ ಮಾರಾಯ್ರೇ, ಕಾವಲಿನ ಆಳು ಉಳಿಯಿತು" ಎಂದರು. ಹಲವರು ತಲೆದೂಗಿದರು. ನಾವೂ ನಕ್ಕು ಸುಮ್ಮನಾದೆವು. ಮನೆಗೆ ಬಂದ ಮೇಲೆ, ಹಾಗೆ ಸುಮ್ಮನಿದ್ದದ್ದು ತಪ್ಪೆನಿಸಿತು. ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ತಿಳಿದರೆ ಅದಕ್ಕೆ ಏರ್‌ಗನ್ ಏಕೆ ಕಟ್ಟಬಾರದೆಂಬುದೂ ತಿಳಿಯುತ್ತದೆ. ಅದಕ್ಕಾಗಿ ಈ ಲೇಖನ.

ಯಂತ್ರದ ಕಣ್ಣು

ಇದರ ಕಣ್ಣು ಪಿ.ಐ.ಆರ್. ಎಂಬ ಸಣ್ಣ ಬಿಲ್ಲೆ. ಮನುಷ್ಯ ಬಂದೊಡನೆ ಹೊತ್ತಿಕೊಳ್ಳುವ ದೀಪಗಳಲ್ಲಿರುವುದೂ ಇದೇ. ಇದು ನಮ್ಮ ಕಣ್ಣಿನಂತೆ ರೂಪವನ್ನು ನೋಡುವುದಿಲ್ಲ, ಶಾಖವನ್ನು ನೋಡುತ್ತದೆ. ಬೆಚ್ಚಗಿನ ಪ್ರತಿಯೊಂದು ದೇಹವೂ ಕಣ್ಣಿಗೆ ಕಾಣದ ಅತಿಗೆಂಪು ಕಿರಣಗಳನ್ನು ಹೊರಸೂಸುತ್ತಿರುತ್ತದೆ. ಬಿಲ್ಲೆಯೊಳಗಿನ ಹರಳಿಗೆ ಎರಡು ಭಾಗಗಳಿದ್ದು, ಅವನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿರುತ್ತಾರೆ. ಬಿಸಿಲೇರಿ ಅಂಗಳವೆಲ್ಲ ಒಂದೇ ಸಮನೆ ಕಾದರೆ ಎರಡೂ ಭಾಗಗಳ ಸೂಚನೆ ಪರಸ್ಪರ ವಜಾ ಆಗುತ್ತದೆ. ಬೆಚ್ಚಗಿನ ದೇಹವೊಂದು ಅಡ್ಡ ಹಾಯ್ದರೆ ಮಾತ್ರ ಮೊದಲು ಒಂದು ಭಾಗಕ್ಕೆ, ಆಮೇಲೆ ಇನ್ನೊಂದಕ್ಕೆ ಶಾಖ ತಾಗಿ ಸೂಚನೆ ಹುಟ್ಟುತ್ತದೆ. ಮೇಲಿನ ಬಿಳಿಯ ಪ್ಲಾಸ್ಟಿಕ್ ಗುಬುಟು ನೋಟವನ್ನು ಬೀಸಣಿಗೆಯ ಎಸಳುಗಳಂತೆ ಹಂಚುವ ಮಸೂರ.

ಪೇಟೆಯಲ್ಲಿ ಸುಲಭವಾಗಿ ಸಿಗುವ ಬಿಲ್ಲೆಗೆ ಸುಮಾರು 7 ಮೀಟರ್ ದೂರದವರೆಗೆ ತಿಳಿಯುತ್ತದೆ. ವಿದ್ಯುತ್ ಕೊಟ್ಟ ಮೇಲೆ ಒಂದು ನಿಮಿಷದಷ್ಟು ಕಾಲ ಅದು ಹದಕ್ಕೆ ಬರಬೇಕು. ಅಡ್ಡ ನಡೆದವರನ್ನು ಬೇಗ ಹಿಡಿಯುತ್ತದೆ, ನೇರ ಎದುರಿಗೆ ಬರುವವರನ್ನು ತಡವಾಗಿ. ಸುಡು ಮಧ್ಯಾಹ್ನ ನೆಲದ ಶಾಖ ಮೈಶಾಖಕ್ಕೆ ಸಮೀಪಿಸಿದಾಗ ಅದರ ದೃಷ್ಟಿ ಮಂಜಾಗುತ್ತದೆ.

ಒಂದೇ ಬಿಲ್ಲೆಯಿದ್ದರೆ ಏನೋ ಬಂತೆಂದು ತಿಳಿದೀತು, ಎಲ್ಲಿ ಎಂದು ತಿಳಿಯದು. ಆದ್ದರಿಂದ ನಮ್ಮ ಹುಡುಗ ಮೂರು ಬಿಲ್ಲೆಗಳನ್ನು ಪೈಪಿನ ತುಂಡುಗಳೊಳಗೆ ಕೂರಿಸಿ, ಎಡಕ್ಕೊಂದು, ನಡುವಿಗೊಂದು, ಬಲಕ್ಕೊಂದು ಮುಖ ಮಾಡಿಟ್ಟನು. ಇನ್ನೂ ನಿಖರವಾಗಿ ಬೇಕಾದವರು ಕ್ಯಾಮೆರಾ ಇಟ್ಟು, ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ಆದ ವ್ಯತ್ಯಾಸವನ್ನು ಕಂಪ್ಯೂಟರಿನಿಂದ ಲೆಕ್ಕ ಹಾಕಿಸುತ್ತಾರೆ.

ಮಿದುಳು ಮತ್ತು ಕೈ

ಮಿದುಳಿನ ಕೆಲಸಕ್ಕೆ ಆರ್ಡುಯಿನೋ ಎಂಬ ಪುಟ್ಟ ಹಲಗೆ. 2005ರಲ್ಲಿ ಇಟಲಿಯ ಇವ್ರಿಯಾ ಊರಿನಲ್ಲಿ ವಿದ್ಯಾರ್ಥಿಗಳ ಕಲಿಕೆಗಾಗಿ ಹುಟ್ಟಿದ್ದು. ಯಾವ ಬಿಲ್ಲೆ ಸೂಚನೆ ಕೊಟ್ಟಿತೆಂದು ನೋಡಿ, ಕೋವಿಯ ಪೀಠವನ್ನು ಆ ಕಡೆಗೆ ತಿರುಗಿಸಲು ಅದು ಸರ್ವೋ ಮೋಟಾರಿಗೆ ಹೇಳುತ್ತದೆ. ಸೆಕೆಂಡಿಗೆ 50 ಸಲ ಸಣ್ಣ ಮಿಡಿತಗಳನ್ನು ಕಳುಹಿಸುವುದೇ ಹೇಳುವ ಕ್ರಮ. ಮಿಡಿತ ಸುಮಾರು ಒಂದೂವರೆ ಮಿಲಿಸೆಕೆಂಡು ಇದ್ದರೆ ನಡುವಿಗೆ. ಒಂದಕ್ಕೆ ಇಳಿದರೆ ಒಂದು ಪಕ್ಕಕ್ಕೆ, ಎರಡಕ್ಕೆ ಏರಿದರೆ ಇನ್ನೊಂದು ಪಕ್ಕಕ್ಕೆ.

ಕೈಯಿಂದ ಎಳೆದು ಬಿಗಿ ಮಾಡುವ ಸ್ಪ್ರಿಂಗಿನ ಆಟಿಕೆ ಕೋವಿ ಇದಕ್ಕೆ ಒಗ್ಗದು. ಮೋಟಾರಿನಿಂದ ಎರಡು ಚಕ್ರಗಳು ಎದುರುಬದುರಾಗಿ ತಿರುಗುವಂಥದು ಬೇಕು. ಚಕ್ರಗಳ ನಡುವಿನ ಸಂದು ಗುಂಡಿನ ದಪ್ಪಕ್ಕಿಂತ ಕಿರಿದು. ಹಿಂದಿನಿಂದ ನೂಕಿದ ಸ್ಪಂಜನ್ನು ಚಕ್ರಗಳು ಹಿಡಿದು ಎಸೆಯುತ್ತವೆ. ಹೀಗಾಗಿ ಮೊದಲು ಚಕ್ರಗಳಿಗೆ ವೇಗ ಬರಬೇಕು, ಅನಂತರ ಇನ್ನೊಂದು ಸರ್ವೋ ಗುಂಡನ್ನು ನೂಕಬೇಕು.

ಇಲ್ಲಿ ನಮ್ಮ ಹುಡುಗ ಎರಡು ದಿನ ಕೆಡಿಸಿಕೊಂಡನು. ಮೋಟಾರು ಹೊರಡುವಾಗ ಹಲವು ಆಂಪಿಯರ್ ಎಳೆಯುತ್ತದೆ. ಹಲಗೆಯ ಒಂದೊಂದು ಕಾಲು ತಡೆಯುವುದು 20 ಮಿಲಿಆಂಪಿಯರಿನಷ್ಟು. ಎರಡಕ್ಕೂ ಒಂದೇ ಬ್ಯಾಟರಿ ಕೊಟ್ಟಿದ್ದರಿಂದ, ಚಕ್ರ ತಿರುಗಿದೊಡನೆ ವೋಲ್ಟೇಜು ಕುಸಿದು ಮಿದುಳು ಮೊದಲಿನಿಂದ ಶುರುವಾಗುತ್ತಿತ್ತು. ಮೋಟಾರಿಗೆ ಬೇರೆ ಬ್ಯಾಟರಿ ಕೊಟ್ಟು, ನಡುವೆ ಒಂದು ರಿಲೇ ಹಾಕಿ, ಮೋಟಾರಿಗೆ ಅಡ್ಡಲಾಗಿ ಡಯೋಡು ಬೆಸೆದು, ಹಲಗೆಗೂ ಸರ್ವೋಗಳಿಗೂ ನೆಗೆಟಿವ್ ತಂತಿಯನ್ನು ಒಂದುಗೂಡಿಸಿದ ಮೇಲೆ ಸರಿಹೋಯಿತು.

ನಮ್ಮ ಅಂಗಳದಲ್ಲಿ ಆದದ್ದು

ಮೊದಲ ದಿನ ಬಾಳೆಗೊನೆಗೆ ಬಂದ ಮಂಗಗಳು ಚಕ್ರದ ಸದ್ದಿಗೇ ಓಡಿದವು. ಮೂರನೆಯ ದಿನ ಹಂಚಿನ ಮೇಲೆ ಕುಳಿತು ನೋಡಿದವು. ಐದನೆಯ ದಿನ ಒಂದು ಮರಿ ಗುಂಡನ್ನು ಹೆಕ್ಕಿ, ಕಚ್ಚಿ ನೋಡಿ ಬಿಸಾಡಿತು. ಹರವಿದ್ದ ಅಡಿಕೆಯಲ್ಲಿ ಬೆರೆತ ಗುಂಡುಗಳನ್ನು ಆರಿಸುವುದೇ ಹೆಣ್ಣಾಳುಗಳಿಗೆ ಹೆಚ್ಚಿನ ಕೆಲಸವಾಯಿತು. ದನದ ಬಾಯಿಗೆ ಹೋದರೆ ಏನು ಗತಿ ಎಂದು ಮನೆಯವರು ಗದರಿದರು.

ಆರನೆಯ ದಿನ ಅಡಿಕೆ ಕೈಯಾಡಿಸಲು ಬಂದು ಬಗ್ಗಿದ ನಮ್ಮ ಹಳೆಯ ಆಳಿನ ಕೆನ್ನೆಗೆ, ಕಣ್ಣಿನಿಂದ ಎರಡು ಬೆರಳು ಕೆಳಗೆ, ಗುಂಡು ತಾಗಿತು. ಅವರು "ಏನಿಲ್ಲ ಒಡೆಯರೇ" ಎಂದು ನಕ್ಕರು. ನಮಗೆ ನಗು ಬರಲಿಲ್ಲ. ಯಂತ್ರದ ತಪ್ಪೆಂದು ಹೇಳುವಂತಿರಲಿಲ್ಲ. ಸ್ವಿಚ್ಚು ಆರಿಸದೆ ತೋಟಕ್ಕೆ ಹೋದವರು ನಾವು. ಅಂದೇ ಅದನ್ನು ಅಂಗಳದಿಂದ ತೆಗೆದೆವು.

ಸ್ಪಂಜೆಂದು ಅಸಡ್ಡೆ ಮಾಡುವಂತಿಲ್ಲ. ಇಂಥ ಗುಂಡುಗಳು ಕಣ್ಣಿಗೆ ತಾಗಿ, ಕಣ್ಣಿನೊಳಗೆ ರಕ್ತಸ್ರಾವವಾದ ಮೂವರ ವೃತ್ತಾಂತವನ್ನು ಲಂಡನ್ನಿನ ವೈದ್ಯರು 2017ರಲ್ಲಿ ಪ್ರಕಟಿಸಿದ್ದಾರೆ.

ಏರ್‌ಗನ್ ಏಕೆ ಕೂಡದು

ಈಗ ಹಿರಿಯರ ಪ್ರಶ್ನೆಗೆ ಬರೋಣ. ಈ ಕಣ್ಣಿಗೆ ಕಾಣುವುದು ಬೆಚ್ಚಗಿನ ಚಲನೆಯೊಂದೇ. ಮಂಗ, ಕರು, ಪೋಸ್ಟಿನವನು, ಚೆಂಡು ಹೆಕ್ಕಲು ಬಂದ ಮಗು, ಎಲ್ಲರೂ ಅದಕ್ಕೆ ಒಂದೇ. ಹಂದಿಗೆಂದು ದಾರ ಕಟ್ಟಿ ಇಡುವ ಕೋವಿಗೂ ಇದಕ್ಕೂ ವ್ಯತ್ಯಾಸವಿಲ್ಲ. ದಾರದ ಬದಲು ಬಿಲ್ಲೆ, ಅಷ್ಟೇ. ಇಂಗ್ಲೆಂಡಿನ ಜಮೀನುದಾರರು ಬೇಟೆಗಳ್ಳರಿಗೆಂದು ಅಂಥ ಕೋವಿಗಳನ್ನು ಇಡುತ್ತಿದ್ದರು. ಬಲಿಯಾದವರಲ್ಲಿ ಕಳ್ಳರಲ್ಲದವರೂ ಇದ್ದರು. 1827ರಲ್ಲಿ ಅಲ್ಲಿನ ಪಾರ್ಲಿಮೆಂಟು ಅದನ್ನು ಅಪರಾಧವೆಂದು ಕಾಯಿದೆ ಮಾಡಿತು. ಕೋವಿ ಹಿಡಿದ ಮನುಷ್ಯ ಕೊನೆಯ ಗಳಿಗೆಯಲ್ಲೂ ಕೈ ತಡೆಯಬಲ್ಲ. ಯಂತ್ರಕ್ಕೆ ಆ ಅನುಮಾನವೇ ಬರುವುದಿಲ್ಲ. ಆದುದರಿಂದ ಇದಕ್ಕೆ ಏರ್‌ಗನ್ನಾಗಲಿ, ಕಲ್ಲು, ಗೋಲಿ ಎಸೆಯುವ ಸಾಧನವಾಗಲಿ ಯಾರೂ ಜೋಡಿಸಬಾರದು.

ಮಾಡುವ ಮಕ್ಕಳಿಗೆ

ಹಾಗೆಂದು ಮಕ್ಕಳು ಇದನ್ನು ಮಾಡುವುದೇ ಬೇಡವೆಂದು ನಾವು ಹೇಳುವುದಿಲ್ಲ. ನಮ್ಮ ಹುಡುಗ ಒಂದು ವರ್ಷದ ಪಾಠದಲ್ಲಿ ಕಲಿಯದ್ದನ್ನು ಹದಿನೈದು ದಿನಗಳಲ್ಲಿ ಕಲಿತನು. ಆದರೆ ಈ ಕೆಲವು ನಿಯಮಗಳಿರಲಿ. ಪೀಠ ಮೊಣಕಾಲಿಗಿಂತ ಕೆಳಗಿದ್ದು, ಕೊಳವೆ ಮೇಲಕ್ಕೆ ಏಳದಂತೆ ಅಡ್ಡಪಟ್ಟಿ ಇರಲಿ. ಎದುರಿನ ಗೋಡೆಗೆ ಒರಗಿಸಿದ ರಟ್ಟೇ ಗುರಿಯಾಗಿರಲಿ. ಆಡುವವರೆಲ್ಲ ಕನ್ನಡಕ ಧರಿಸಲಿ. ಮೋಟಾರಿನ ತಂತಿಯಲ್ಲಿ ಕೈಗೆಟಕುವ ದೊಡ್ಡ ಸ್ವಿಚ್ಚು ಇರಲಿ. ಹೊಡೆಯುವ ಮೊದಲು ಹತ್ತು ಸೆಕೆಂಡು ಗಂಟೆ ಬಾರಿಸಲಿ. ಪುಟ್ಟ ಮಕ್ಕಳೂ ದನಗಳೂ ಓಡಾಡುವಲ್ಲಿ ಅದು ಬೇಡ, ಹಿರಿಯರು ಹತ್ತಿರವಿಲ್ಲದಾಗಲೂ ಬೇಡ.

ಕಣ್ಣು ಮತ್ತು ಗಂಟೆಯನ್ನಷ್ಟೇ ಉಳಿಸಿಕೊಂಡು ನಮ್ಮ ಯಂತ್ರವೀಗ ಗೋದಾಮಿನ ಬಾಗಿಲಲ್ಲಿದೆ. ಯಾರಾದರೂ ಬಂದರೆ ಗಂಟೆ ಬಾರಿಸುತ್ತದೆ. ಬಂದವರು ಯಾರೆಂದು ನಾವೇ ಎದ್ದು ಹೋಗಿ ನೋಡುತ್ತೇವೆ. ಆಸಕ್ತ ಸದಸ್ಯರು ತಮ್ಮ ಮಕ್ಕಳೊಂದಿಗೆ ಬಂದು ನೋಡಬಹುದೆಂದು ತಿಳಿಸುತ್ತೇವೆ.

— ಕಾರ್ಯದರ್ಶಿ